ಮೂವತ್ತರಲ್ಲಿ ಹದಿಮೂರು

ಜನವರಿ 9

ಅಕ್ಕ,

ನನ್ನ ಕೈಬರಹ ನೋಡಿ ಬೆಚ್ಚಬೇಡ. ಹತ್ತೊಂಬತ್ತು ವರ್ಷ ಒಂದೇ ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸಿದೆವು, ಒಂದು ದಿನವೂ ನಿನಗೆ ಕಾಗದ ಬರೆದವಳಲ್ಲ. ಬರೆಯುವ ಅಗತ್ಯವೇ ಇರಲಿಲ್ಲ. ನಾನು ಬಾಯಿ ತೆಗೆದರೆ ಮೈದಾನದ ಆಚೆ ತುದಿಯಲ್ಲಿ ರಿವರ್ಸ್ ಕಲಿಸುತ್ತಿದ್ದ ನಿನಗೆ ಕೇಳುತ್ತಿತ್ತು. ಕಲಿಯಲು ಬಂದವರು ನನಗೆ ಸುಮ್ಮನೆ ಹಾರ್ನ್ ಮೇಡಂ ಎಂದು ಹೆಸರಿಟ್ಟರೇ?

ಈಗ ಆ ಹಾರ್ನ್ ಕೆಟ್ಟಿದೆ. ಆಪರೇಷನ್ ಆಗಿ ಮೂರು ವಾರ. ನಾಲಿಗೆಯ ಎಡಗಡೆ ಗೆಡ್ಡೆ ಇದ್ದ ಭಾಗವನ್ನು ತೆಗೆದು, ಎಡಗೈಯಿಂದ ಚರ್ಮ ಕಿತ್ತು ಅಲ್ಲಿಗೆ ತೇಪೆ ಹಾಕಿದ್ದಾರೆ. "ಇನ್ಮೇಲೆ ನೀನು ಬೈದ್ರೆ ಕೈ ಮಾಡಿದ ಹಾಗೇ ಲೆಕ್ಕ" ಅಂತ ನಮ್ಮ ಮನೆಯವರು ತಮಾಷೆ ಮಾಡಿದರು. ನಗಲು ಹೋಗಿ ಹೊಲಿಗೆ ಎಳೆಯಿತು.

ಫೋನ್ ಮಾಡು ಎಂದು ನೀನು ಹೇಳುತ್ತಲೇ ಇದ್ದೀಯ. ಮಾಡುವುದಿಲ್ಲ. ಮಾತು ಗೊಜಗೊಜ. ಮೊನ್ನೆ ಗ್ಯಾಸ್ ಏಜೆನ್ಸಿಯವನು "ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಕೊಡಮ್ಮ" ಅಂದ. ನಲವತ್ತೊಂಬತ್ತು ವರ್ಷದವಳಿಗೆ! ಮೆಸೇಜು ಕಳಿಸೋಣವೆಂದರೆ ಎರಡು ಸಾಲಿನ ಕೊನೆಗೊಂದು ನಗುವ ಮುಖ ಅಂಟಿಸಿ ಮುಗಿಸಿಬಿಡುತ್ತೇನೆ. ಅದಕ್ಕೇ ಕಾಗದ.

ಡಾಕ್ಟರು ಒಳ್ಳೆಯದನ್ನೇ ಹೇಳಿದ್ದಾರೆ. "ಕಾಣೋದನ್ನೆಲ್ಲ ತೆಗೆದಿದ್ದೀವಿ. ಕಾಣದೇ ಉಳಿದಿದ್ರೆ ಅದಕ್ಕೆ ರೇಡಿಯೇಷನ್. ಒಟ್ಟು ಮೂವತ್ತು ಸಲ, ವಾರಕ್ಕೆ ಐದು ದಿನ. ಒಂದೂ ತಪ್ಪಿಸಬೇಡಿ." ಇಪ್ಪತ್ತೇಳಕ್ಕೆ ಶುರು.

ಆ ಊರಿನಲ್ಲಿ ನಿನ್ನ ಹೊಸ ತರಬೇತಿ ಕೆಲಸ ಹೇಗಿದೆ? ನಿನ್ನ ಬಸ್ ಡ್ರೈವರುಗಳು ನಿನಗೆ ಹೆದರುತ್ತಾರೋ ಇಲ್ಲವೋ?

ನಿನ್ನ ಹಾರ್ನ್


ಜನವರಿ 15

ಹಾರ್ನಮ್ಮ,

ನಿನ್ನ ಕಾಗದವನ್ನು ತರಬೇತಿ ಕೇಂದ್ರದ ಕ್ಯಾಂಟೀನಿನಲ್ಲಿ ಓದಿ ಒಬ್ಬಳೇ ನಕ್ಕೆ. ಪಕ್ಕದ ಮೇಜಿನವರು ತಟ್ಟೆ ಎತ್ತಿಕೊಂಡು ದೂರ ಹೋದರು.

ನನ್ನ ಡ್ರೈವರುಗಳು ಹೆದರುವುದೇ? ಇವತ್ತು ಆರಡಿ ಎತ್ತರದವನೊಬ್ಬ ಬಸ್ಸನ್ನು ಕಂಬಕ್ಕೆ ಉಜ್ಜಿ, ಇಳಿದು ಬಂದು, "ಕಂಬ ಸ್ವಲ್ಪ ಮುಂದೆ ಬಂದಿದೆ ಮೇಡಂ" ಅಂದ. ನೀನಿದ್ದಿದ್ದರೆ ಅವನ ಗತಿ ಏನಾಗುತ್ತಿತ್ತೋ.

ಮೂವತ್ತು ಸಲ ಅಂದರೆ ಆರು ವಾರ. ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಏನಾದರೂ ಬೇಕೆನಿಸಿದರೆ ಒಂದು ಮಾತು ಬರೆ, ಮೊದಲ ಬಸ್ಸಿಗೆ ಹತ್ತುತ್ತೇನೆ. ಬಾಯಿಮಾತಿಗೆ ಹೇಳುತ್ತಿಲ್ಲ.

ನಿನ್ನ ಅಕ್ಕ


ಫೆಬ್ರವರಿ 3

ಅಕ್ಕ,

ಇದನ್ನು ನಮ್ಮ ಮನೆಯವರಿಗೆ ಹೇಳಿಲ್ಲ. ಇಡೀ ದಿನ ಜನರ ಫ್ರಿಜ್ಜು ರಿಪೇರಿ ಮಾಡಿ ಬಂದು, ಅನ್ನ ಮೆತ್ತಗೆ ಮಾಡಿ, ಮಿಕ್ಸಿಗೆ ಹಾಕಿ ಕೊಡುತ್ತಾರೆ. ಆ ಮುಖ ನೋಡಿದರೆ ಹೇಳಲು ಬಾಯಿ ಬರುವುದಿಲ್ಲ.

ರೇಡಿಯೇಷನ್ ಅಂದರೆ ನೋಯುವ ಸಂಗತಿ ಎಂದುಕೊಂಡಿದ್ದೆ. ಮಾಡುವಾಗ ನೋವೇ ಇಲ್ಲ. ಆದರೆ ಮುಖವಾಡ ಇದೆ. ತೂತು ತೂತಾದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ನನ್ನ ಮುಖ ಕತ್ತಿನ ಮೇಲೆ ಒತ್ತಿ ಅಚ್ಚು ತೆಗೆದರು. ಆರಿದ ಮೇಲೆ ಅದು ಮರದ ಹಾಗೆ ಗಟ್ಟಿ. ದಿನಾ ಮಲಗಿಸಿ, ಅದನ್ನು ಮುಖಕ್ಕೆ ಹಾಕಿ, ಸುತ್ತಲೂ ಟಕ್ ಟಕ್ ಎಂದು ಮೇಜಿಗೆ ಬಿಗಿಯುತ್ತಾರೆ. ತಲೆ ಕೂದಲೆಳೆಯಷ್ಟೂ ಅಲುಗಬಾರದು. ಆಮೇಲೆ ಎಲ್ಲರೂ ಹೊರಗೆ ಹೋಗುತ್ತಾರೆ. ದಪ್ಪ ಬಾಗಿಲು ಮುಚ್ಚುತ್ತದೆ. ತೇಪೆ ಹಾಕಿದ ನಾಲಿಗೆಯಲ್ಲಿ ಎಂಜಲು ನುಂಗಲು ಬರುವುದಿಲ್ಲ, ಅದು ಗಂಟಲಲ್ಲಿ ನಿಲ್ಲುತ್ತದೆ. ಉಸಿರು ಸಿಕ್ಕಿಕೊಂಡಿತು ಅನ್ನಿಸುತ್ತದೆ. ಕೂಗಲು ಬಾಯಿ ತೆರೆಯುವುದಿಲ್ಲ.

ತೊಂದರೆಯಾದರೆ ಕೈ ಎತ್ತಿ ಎಂದಿದ್ದರು. ಮೂರನೆಯ ದಿನ ಎತ್ತಿದೆ. ಮೆಷಿನ್ ನಡೆಸುವಾಕೆ ಓಡಿ ಬಂದು ಬಿಚ್ಚಿದರು. ಎದ್ದು ಕೂತೆ. ಹೊರಗೆ ಬೆಂಚಿನಲ್ಲಿ ನನ್ನ ನಂತರದ ಎಂಟು ಜನ ಕಾಯುತ್ತಿದ್ದರು. ನಾಚಿಕೆಯಾಗಿ ಮತ್ತೆ ಮಲಗಿದೆ. ನಾಲ್ಕನೆಯ ದಿನವೂ ಎತ್ತಿದೆ.

ಈಗ ಅದು ಆಸ್ಪತ್ರೆಯಲ್ಲಿ ಮಾತ್ರ ಅಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ. ಚಪ್ಪಲಿ ಮೆಟ್ಟಲು ಅರ್ಧ ಗಂಟೆ ಬೇಕು, ಚಪ್ಪಲಿ ನೋಡುತ್ತಾ ಕೂತಿರುತ್ತೇನೆ. ಯಾವುದೂ ಬೇಡ ಅನ್ನಿಸುತ್ತದೆ, ಊಟ, ಸ್ನಾನ, ಮಾತು. ಸಾಯಬೇಕು ಅಂತಲ್ಲ. ಯಾವುದಕ್ಕೂ ಏಳಬೇಕು ಅನ್ನಿಸುವುದಿಲ್ಲ, ಅಷ್ಟೇ.

ನಿನಗೆ ಒಂದು ವಾರ ರಜೆ ಸಿಗುತ್ತದೆಯೇ ಎಂದು ಕೇಳೋಣ ಅಂದುಕೊಂಡೆ. ಬಿಡು. ಹೊಸ ಕೆಲಸ, ಕಷ್ಟವಾಗುತ್ತದೆ.

ಹಾರ್ನ್


ಫೆಬ್ರವರಿ 7

ಹಾರ್ನಮ್ಮ,

ಇದು ನೀನು ಬರೆದ ಕಾಗದವೇ, ಅಥವಾ ನಿನ್ನ ಹೆಸರಿನಲ್ಲಿ ಯಾರೋ ಅಳುಮುಂಜಿ ಬರೆದದ್ದೇ? ಲಾರಿಯವನ ಮುಂದೆ ಕಾರು ಅಡ್ಡ ನಿಲ್ಲಿಸಿ, ಅವನು ಕ್ಷಮೆ ಕೇಳುವವರೆಗೂ ಕದಲದಿದ್ದವಳು ಒಂದು ಪ್ಲಾಸ್ಟಿಕ್ ಹಾಳೆಗೆ ಹೆದರುವುದೇ? ಹತ್ತು ನಿಮಿಷದ ಮಾತು. ಕಣ್ಣು ಮುಚ್ಚಿ ಹಾಡೊಂದನ್ನು ಮನಸ್ಸಿನಲ್ಲೇ ಹಾಡಿಕೋ, ಮುಗಿದುಹೋಗುತ್ತದೆ.

ಬೈದೆ ಎಂದುಕೊಳ್ಳಬೇಡ, ನಿನ್ನ ಒಳ್ಳೆಯದಕ್ಕೇ ಹೇಳುತ್ತೇನೆ. ಈ ಕಾಯಿಲೆಯಲ್ಲಿ ಅರ್ಧ ಪಾಲು ಮನಸ್ಸಿನದು. ನೀನು ಧೈರ್ಯವಾಗಿದ್ದರೆ ಅದು ಓಡಿಹೋಗುತ್ತದೆ. ಕುಗ್ಗಿದರೆ, ಅತ್ತರೆ, ಅದಕ್ಕೆ ನೀನೇ ಊಟ ಹಾಕಿ ಸಾಕಿದ ಹಾಗೆ. ನಮ್ಮ ಕಚೇರಿಯ ಗುಮಾಸ್ತೆಯ ಚಿಕ್ಕಪ್ಪ ನಗುನಗುತ್ತಲೇ ಗೆದ್ದು ಬಂದರಂತೆ. ನಿನ್ನ ಮನೆಯವರ ಮುಂದೆ ಈ ಅಳು ತೋರಿಸಬೇಡ, ಪಾಪ, ಅವರು ಕುಸಿದುಹೋಗುತ್ತಾರೆ.

ನನಗೆ ಬರಲು ಆಸೆ. ಆದರೆ ಈ ತಿಂಗಳು ಪೂರ್ತಿ ಡ್ರೈವರುಗಳ ಪರೀಕ್ಷೆ, ಒಂದು ದಿನವೂ ಬಿಡುವಂತಿಲ್ಲ. ಮುಂದಿನ ಕಾಗದದಲ್ಲಿ ನನ್ನ ಹಳೆಯ ಹಾರ್ನ್ ಕೇಳಿಸಬೇಕು. ತಿಳಿಯಿತೇ?

ಅಕ್ಕ


ಫೆಬ್ರವರಿ 22

ಅಕ್ಕ,

ನೀನು ಹೇಳಿದ್ದು ಸರಿ. ಈಗ ಎಲ್ಲ ಚೆನ್ನಾಗಿದೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನಾನೇ ಕಾರು ತೆಗೆದುಕೊಂಡು ಹೋಗಿ ಹನ್ನೊಂದಕ್ಕೆ ಬರುತ್ತೇನೆ. ನಮ್ಮ ಮನೆಯವರಿಗೂ ನೆಮ್ಮದಿ, ಕೆಲಸಕ್ಕೆ ಹೋಗಲಾಗುತ್ತಿದೆ. ಮಾತೂ ಸ್ವಲ್ಪ ತಿದ್ದಿಕೊಂಡಿದೆ. ನನ್ನ ಬಗ್ಗೆ ಯೋಚಿಸಬೇಡ. ಪರೀಕ್ಷೆ ಚೆನ್ನಾಗಿ ನಡೆಸು.

ನಿನ್ನ ಹಾರ್ನ್


ಮಾರ್ಚ್ 1

ಹಾರ್ನಮ್ಮ,

ಇದಪ್ಪ ನನ್ನ ಹುಡುಗಿ! ಕಾಗದ ಓದಿ ಹೊಟ್ಟೆ ತುಂಬಿತು. ನೋಡಿದೆಯಾ, ಸ್ವಲ್ಪ ಗದರಿಸಿದರೆ ದಾರಿಗೆ ಬರುತ್ತೀಯ. ಕತ್ತಿಗೆ ಸುತ್ತಿಕೊಳ್ಳಲು ಮೆತ್ತನೆಯ ಹತ್ತಿ ಬಟ್ಟೆ ಕಳಿಸಿದ್ದೇನೆ. ಬಣ್ಣ ನಿನಗೆ ಹಿಡಿಸುವುದಿಲ್ಲ ಎಂದು ಗೊತ್ತು, ಬೈದುಕೊಂಡೇ ಸುತ್ತಿಕೋ.

ಅಕ್ಕ


ಮಾರ್ಚ್ 14

ಅಕ್ಕನವರಿಗೆ ನಮಸ್ಕಾರ.

ನಾನು ಹಾರ್ನ್‌ನ ಗಂಡ. ಫೋನು ಮಾಡಬಹುದಿತ್ತು. ಮನೆ ಚಿಕ್ಕದು, ಅವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ. ಅದಕ್ಕೇ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಮೊನ್ನೆ ಆಸ್ಪತ್ರೆಯ ಮೆಷಿನ್ ಕೋಣೆಯಿಂದ ನನ್ನ ನಂಬರಿಗೆ ಕರೆ ಬಂತು. "ಅವರಿಗೆ ಜ್ವರ ಕಡಿಮೆ ಆಯ್ತಾ ಸರ್?" ಎಂದು ಕೇಳಿದರು. ಯಾವ ಜ್ವರ ಎಂದೆ. ಆ ಹೆಂಗಸು, "ಅವರು ನಾಲ್ಕು ವಾರದಿಂದ ಬಂದಿಲ್ಲ. ಮೂವತ್ತರಲ್ಲಿ ಹದಿಮೂರು ಆಗಿದೆ ಅಷ್ಟೇ. ಪ್ರತಿ ಸಲ ಫೋನ್ ಮಾಡಿದಾಗಲೂ ಜ್ವರ, ನಾಳೆ ಬರ್ತೀನಿ ಅಂತಾರೆ" ಎಂದರು.

ಮಾರನೆಯ ಬೆಳಿಗ್ಗೆ ಅವಳ ಹಿಂದೆಯೇ ಹೋದೆ. ಆಸ್ಪತ್ರೆಯ ತಿರುವು ಬಂತು, ಅವಳು ತಿರುಗಿಸಲಿಲ್ಲ. ನೇರ ಹೋಗಿ, ದೊಡ್ಡ ಅಂಗಡಿಯ ಪಾರ್ಕಿಂಗಿನ ಮೂರನೆಯ ಮಹಡಿಯಲ್ಲಿ, ಕಂಬದ ಪಕ್ಕ ನಿಲ್ಲಿಸಿದಳು. ಎಂಜಿನ್ ಆರಿಸಿ, ಗಾಜು ಇಳಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟು ಎರಡು ಗಂಟೆ ಹಾಗೇ ಕೂತಿದ್ದಳು. ನಾನು ಇನ್ನೊಂದು ಕಂಬದ ಹಿಂದೆ ನಿಂತಿದ್ದೆ. ಹತ್ತಿರ ಹೋಗಲಿಲ್ಲ.

ನಿಮಗೆ ಇನ್ನೊಂದು ಹೇಳಬೇಕು. ರೇಡಿಯೇಷನ್ ಶುರುವಾದಾಗ ಅವಳ ಕತ್ತು ಸುಟ್ಟ ಹಾಗೆ ಕೆಂಪಾಗಿತ್ತು. ಆಮೇಲೆ ದಿನದಿಂದ ದಿನಕ್ಕೆ ಆ ಕೆಂಪು ಇಳಿಯಿತು. "ನಿನಗೆ ಚೆನ್ನಾಗಿ ಒಗ್ಗಿದೆ ಕಣೇ" ಎಂದು ನಾನು ಸಂತೋಷಪಟ್ಟೆ. ಅವಳು ಹೂಂ ಎಂದಳು. ಒಂದು ಸಲವಾದರೂ ಯಾಕೆ ಎಂದು ಯೋಚಿಸಬೇಕಿತ್ತು. ಫ್ರಿಜ್ಜು ತಣ್ಣಗಾಗದಿದ್ದರೆ ಹತ್ತು ಕಡೆ ಮುಟ್ಟಿ ನೋಡುವವನು ನಾನು.

ಮನೆಗೆ ಬಂದ ಮೇಲೆ ಕೇಳಿದೆ. ಅತ್ತಳು. ಹೆದರಿಕೆ ಎಂದಳು, ಅಷ್ಟೇ. ನಿಮಗೇನಾದರೂ ಬರೆದಿದ್ದಳೇ?

ಫ್ರಿಜ್ ರಿಪೇರಿಯವನು


ಮಾರ್ಚ್ 17

ಹಾರ್ನಮ್ಮ,

ನಿನ್ನ ಮನೆಯವರ ಕಾಗದ ಬಂತು. ಬರೆದಿದ್ದಳೇ ಎಂದು ಕೇಳಿದ್ದಾರೆ. ಬರೆದಿದ್ದಳು, ಒಂದು ಅಕ್ಷರವೂ ಮುಚ್ಚಿಡದೆ ಬರೆದಿದ್ದಳು ಎಂದು ಅವರಿಗೆ ಉತ್ತರ ಹಾಕಿದ್ದೇನೆ.

ನಿನ್ನ ಫೆಬ್ರವರಿ ಮೂರರ ಕಾಗದವನ್ನು ಮತ್ತೆ ತೆಗೆದು ಓದಿದೆ. ಕಾರು ಕಲಿಯಲು ಬಂದಿದ್ದ ಆ ದಂತವೈದ್ಯೆ ನೆನಪಿದ್ದಾಳಾ? ದೊಡ್ಡ ಸರ್ಕಲ್ಲಿನ ನಡುವೆ ಕಾರು ಆಫ್ ಮಾಡಿಕೊಂಡು, ಸ್ಟೀರಿಂಗ್ ಬಿಡದೆ ಅಳಲು ಶುರುಮಾಡಿದಳಲ್ಲ. ಹಿಂದೆ ಐವತ್ತು ಗಾಡಿ ಹಾರ್ನ್ ಬಡಿಯುತ್ತಿದ್ದವು. ನಾನು ಹಿಂದಿನ ಸೀಟಿನಲ್ಲಿದ್ದೆ. ನೀನು ನಾಲ್ಕೂ ದೀಪ ಹಾಕಿ, ಬಿಸ್ಕತ್ತಿನ ಪೊಟ್ಟಣ ಬಿಚ್ಚಿ, "ಅಳು ಮುಗಿಲಿ ಡಾಕ್ಟ್ರೇ, ನಮಗೇನು ಅರ್ಜೆಂಟಿಲ್ಲ" ಅಂದೆ. ಹತ್ತೊಂಬತ್ತು ವರ್ಷದಲ್ಲಿ ನೀನಾಗಲಿ ನಾನಾಗಲಿ ಯಾರಿಗೂ "ಹೆದರಬೇಡಿ" ಎಂದು ಹೇಳಲಿಲ್ಲ. ಹಾಗೆ ಹೇಳಿದರೆ ಹೆದರಿಕೆ ಹೋಗುವುದಿಲ್ಲ, ಅದರ ಮೇಲೆ ನಾಚಿಕೆಯೂ ಸೇರಿಕೊಳ್ಳುತ್ತದೆ ಎಂದು ನಮಗೆ ಗೊತ್ತಿತ್ತು. ಯಾವಳೋ ದಂತವೈದ್ಯೆಗೆ ಸಿಕ್ಕಿದ್ದು ನಿನಗೆ ನನ್ನಿಂದ ಸಿಗಲಿಲ್ಲ.

ಇನ್ನೊಂದು. ಆ ತಿಂಗಳು ಪರೀಕ್ಷೆ ಇದ್ದದ್ದು ಎರಡೇ ದಿನ. ರಜೆ ಇತ್ತು. ನಿನ್ನ ಬಾಯಿ, ನಿನ್ನ ಮುಖ ಹೇಗಾಗಿದೆಯೋ ಎಂದು ನೋಡಲು ನನಗೇ ಹೆದರಿಕೆಯಾಗಿತ್ತು. ನನ್ನ ಹೆದರಿಕೆ ಮುಚ್ಚಿಕೊಳ್ಳಲು ನಿನ್ನ ಹೆದರಿಕೆಯನ್ನು ಬೈದೆ.

ನಾಳೆ ಬೆಳಿಗ್ಗೆ ಬಸ್ಸು ಹತ್ತುತ್ತೇನೆ. ಈ ಕಾಗದಕ್ಕಿಂತ ಮೊದಲು ನಾನೇ ತಲುಪಿದರೂ ತಲುಪಬಹುದು.

ಅಕ್ಕ


ಏಪ್ರಿಲ್ 25

ಅಕ್ಕ,

ನೀನು ಬಂದು ಹತ್ತು ದಿನ ಇದ್ದಾಗ ಇದನ್ನೆಲ್ಲ ಬಾಯಿಬಿಟ್ಟು ಹೇಳಲಾಗಲಿಲ್ಲ. ನಿನ್ನ ಮುಖ ನೋಡಿದರೆ ನನಗೆ ಸಮಾಧಾನ ಹೇಳುವ ಚಟ ಬರುತ್ತದೆ.

ಮೊದಲು ಸುದ್ದಿ. ನಿನ್ನೆಗೆ ರೇಡಿಯೇಷನ್ ಮುಗಿಯಿತು. ಬಿಟ್ಟುಹೋದದ್ದಕ್ಕೆ ಕೆಲವು ಹೆಚ್ಚಿಗೆ ಸೇರಿಸಿದ್ದರು. ಮತ್ತೆ ಶುರುವಾದ ಮೇಲೆ ಒಂದೂ ತಪ್ಪಿಸಲಿಲ್ಲ. ಕತ್ತು ಈಗ ಸುಟ್ಟ ಬದನೆಕಾಯಿ.

ನೀನು ಕರೆದುಕೊಂಡು ಹೋದೆಯಲ್ಲ, ಆ ಮನಸ್ಸಿನ ಡಾಕ್ಟರು, ಅವರ ಮಾತ್ರೆ ಮೂರನೆಯ ವಾರಕ್ಕೆ ಕೆಲಸ ಮಾಡತೊಡಗಿತು. ಒಂದು ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಚಪ್ಪಲಿ ಮೆಟ್ಟಿ, ಬೀದಿಗೆ ಬಂದ ಮೇಲೆ ಹೊಳೆಯಿತು, ಅರ್ಧ ಗಂಟೆ ಬೇಕಾಗಲಿಲ್ಲವಲ್ಲ ಎಂದು. ಮುಖವಾಡ ಹಾಕುವ ಮುಂಚೆ ಒಂದು ಸಣ್ಣ ಮಾತ್ರೆ ಬೇರೆ. ಮೆಷಿನ್ ನಡೆಸುವಾಕೆ ಕಣ್ಣಿನ ಜಾಗದಲ್ಲಿ ಮುಖವಾಡ ಕತ್ತರಿಸಿಕೊಟ್ಟರು. ಹೊರಗಿನಿಂದ ಮೈಕಿನಲ್ಲಿ "ಇನ್ನು ಆರು ನಿಮಿಷ, ಇನ್ನು ನಾಲ್ಕು" ಎಂದು ಹೇಳುತ್ತಿದ್ದರು. ಇಷ್ಟೇ ಸಾಕಿತ್ತು ಅಕ್ಕ. ಇಷ್ಟು ಸಣ್ಣದು.

ಆ ಡಾಕ್ಟರಿಗೆ ನಿನ್ನ ಮಾತು ಹೇಳಿದೆ, ಕುಗ್ಗಿದರೆ ಕಾಯಿಲೆಗೆ ಊಟ ಹಾಕಿದಂತೆ ಅಂದದ್ದು. ಅವರು ಪೆನ್ನು ಕೆಳಗಿಟ್ಟರು. "ಅಳೋದ್ರಿಂದ ಗೆಡ್ಡೆ ಬೆಳೆಯಲ್ಲಮ್ಮ. ಭಯ, ಬೇಸರ ಇವೂ ಕಾಯಿಲೆನೇ, ಇವಕ್ಕೂ ಔಷಧಿ ಇದೆ. ಬಚ್ಚಿಟ್ರೆ ಜನ ಊಟ ಬಿಡ್ತಾರೆ, ಆಸ್ಪತ್ರೆ ಬಿಡ್ತಾರೆ. ಗೆಡ್ಡೆಗೆ ಅನುಕೂಲ ಆಗೋದು ಅಲ್ಲಿ" ಎಂದರು.

ಆ ಪಾರ್ಕಿಂಗಿನಲ್ಲಿ ಕೂತು ನಾನು ಮಾಡುತ್ತಿದ್ದದ್ದು ಏನು ಗೊತ್ತಾ? ಧೈರ್ಯ ಬರಲಿ ಎಂದು ಕಾಯುತ್ತಿದ್ದೆ. ಹೆದರಿಕೊಂಡು ಒಳಗೆ ಹೋದರೆ ಪ್ರಯೋಜನವಿಲ್ಲ, ಮೊದಲು ಧೈರ್ಯ ಬರಬೇಕು, ಆಮೇಲೆ ಚಿಕಿತ್ಸೆ ಎಂದುಕೊಂಡಿದ್ದೆ. ದಿನಾ ಎರಡು ಗಂಟೆ ಕಾದೆ. ಬರಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇದೆ. ಕೆಲವು ದಿನ ಹೆಚ್ಚು, ಕೆಲವು ದಿನ ಕಡಿಮೆ. ಆದರೆ ನಿನ್ನೊಬ್ಬಳ ಮೇಲಲ್ಲ. ಮೊದಲ ವಾರವೇ ಎರಡು ಸಲ ಕೈ ಎತ್ತಿದವಳನ್ನು ಆಸ್ಪತ್ರೆಯಲ್ಲೂ ಯಾರೂ ಯಾಕೆಂದು ಕೇಳಲಿಲ್ಲ. ನನ್ನ ಮೇಲೂ ಇದೆ. ಇನ್ನೊಂದು ಕಾಗದ ಬರೆಯಬಹುದಿತ್ತು. "ಅಕ್ಕ, ನೀನು ಹೇಳಿದ್ದು ಸುಳ್ಳು, ಬಾ" ಎಂದು ಒಂದೇ ಸಾಲು.

ಮಧ್ಯೆ ನಾಲ್ಕೈದು ವಾರದ ಸಂದು ಒಳ್ಳೆಯದಲ್ಲ ಎಂದಿದ್ದಾರೆ ಗೆಡ್ಡೆಯ ಡಾಕ್ಟರು. ಕಾದು ನೋಡಬೇಕಂತೆ.

ಹಾರ್ನ್


ಸೆಪ್ಟೆಂಬರ್ 6

ಅಕ್ಕ,

ಕತ್ತಿನ ಎಡಗಡೆ, ಕಿವಿಯ ಕೆಳಗೆ, ಗಂಟು ಬಂದಿತ್ತು. ಪರೀಕ್ಷೆ ಮಾಡಿದರು. ಅದೇ. ಶ್ವಾಸಕೋಶದಲ್ಲೂ ಎರಡು ಕಡೆ ಇದೆ. ಔಷಧಿ ಕೊಡುತ್ತಾರೆ, ನಿಧಾನ ಮಾಡಲು. ನಿಲ್ಲಿಸಲು ಅಲ್ಲ.

ನಾನು ಪಾರ್ಕಿಂಗಿನ ಆ ಕಾರಿನಲ್ಲಿ ಇಲ್ಲ ಈಗ, ಅದು ತಿಳಿದಿರಲಿ ನಿನಗೆ. ದುಃಖ ಇದೆ, ಬೇಕಾದಷ್ಟು. ಆದರೆ ಹೋದ ಸಲದ ಹಾಗಲ್ಲ. ಊಟ ರುಚಿಸುತ್ತದೆ. ಮೇ ತಿಂಗಳಿಂದ ಸ್ಕೂಲಿಗೂ ಹೋಗುತ್ತಿದ್ದೇನೆ, ನನ್ನ ಗೊಜಗೊಜ ಮಾತಿನಲ್ಲೇ ನಾಲ್ವರು ಲೈಸೆನ್ಸ್ ತೆಗೆದುಕೊಂಡರು. ಕಿರುಚಲು ಆಗುವುದಿಲ್ಲವಲ್ಲ, ಅದಕ್ಕೇ ಬೇಗ ಕಲಿತರು ಅಂತ ನಮ್ಮ ಮನೆಯವರು.

ಬರುತ್ತೀಯಾ? ಈ ಸಲ ಸರಿಯಾಗಿ ಕೇಳುತ್ತಿದ್ದೇನೆ.

ನಿನ್ನ ಹಾರ್ನ್


ಸೆಪ್ಟೆಂಬರ್ 9

ಹಾರ್ನಮ್ಮ,

ಸಂಬಳವಿಲ್ಲದ ರಜೆಗೆ ಬರೆದುಕೊಟ್ಟೆ. ಎಷ್ಟು ದಿನ ಎಂಬ ಜಾಗ ಖಾಲಿ ಬಿಟ್ಟಿದ್ದೇನೆ. ಗುರುವಾರ ಬರುತ್ತೇನೆ.

ಅಕ್ಕ


ಫೆಬ್ರವರಿ 18

ಅಕ್ಕನವರಿಗೆ ನಮಸ್ಕಾರ.

ಕ್ಷೇಮವಾಗಿ ತಲುಪಿದಿರಿ ಎಂದು ಮೆಸೇಜು ನೋಡಿದೆ. ಅವಳು ಹೋಗಿ ನಾಳೆಗೆ ಐದು ವಾರ. ಅಷ್ಟು ತಿಂಗಳು ನಿಮ್ಮ ಕೆಲಸ ಬಿಟ್ಟು ಅವಳ ಪಕ್ಕದಲ್ಲಿ ಇದ್ದಿರಿ, ಆ ಋಣ ಹೇಗೆ ತೀರಿಸಲಿ.

ಅವಳ ವಸ್ತುಗಳನ್ನು ಒಂದೊಂದಾಗಿ ತೆಗೆದಿಡುತ್ತಿದ್ದೇನೆ. ನನ್ನ ಬಗ್ಗೆ ಯೋಚನೆ ಮಾಡಬೇಡಿ. ಬೇಸಿಗೆ ಬರುತ್ತಿದೆ, ಫ್ರಿಜ್ಜಿನ ಕೆಲಸ ಜೋರು. ಊಟ ಅಂಗಡಿಯ ಹತ್ತಿರವೇ ಆಗುತ್ತದೆ. ಹೊತ್ತು ಹೋಗುತ್ತದೆ.

ನೀವು ಹೊರಡುವ ಹಿಂದಿನ ದಿನ ಆಸ್ಪತ್ರೆಗೆ ಒಬ್ಬರೇ ಹೋಗಿದ್ದಿರಿ. ಡಾಕ್ಟರನ್ನು ಏನೋ ಕೇಳಿದಿರಂತೆ. ನಾನು ತಿಳಿಯಬೇಕಾದದ್ದಾದರೆ ಬರೆಯಿರಿ. ಇಲ್ಲದಿದ್ದರೆ ಬೇಡ.

ಫ್ರಿಜ್ ರಿಪೇರಿಯವನು


ಫೆಬ್ರವರಿ 22

ಫ್ರಿಜ್ ರಿಪೇರಿಯವರಿಗೆ,

ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳದೆ ಇಟ್ಟುಕೊಂಡದ್ದರಿಂದ ನಮ್ಮ ಮೂವರಿಗೆ ಏನಾಯಿತು ಎಂದು ನೋಡಿಯಾಗಿದೆ. ಅದಕ್ಕೇ ಹೇಳುತ್ತೇನೆ.

ಆ ನಾಲ್ಕೈದು ವಾರ ತಪ್ಪಿಸದಿದ್ದರೆ ಅವಳು ಉಳಿಯುತ್ತಿದ್ದಳೇ ಎಂದು ಕೇಳಿದೆ. ಡಾಕ್ಟರು ಹೇಳಿದರು: "ಒಬ್ಬರ ವಿಷಯದಲ್ಲಿ ಹಾಗೆ ಹೇಳಕ್ಕಾಗಲ್ಲ. ಒಂದೂ ತಪ್ಪಿಸದೇ ಇದ್ದೋರಿಗೂ ಕೆಲವು ಸಲ ವಾಪಸ್ ಬರುತ್ತೆ. ಮಧ್ಯೆ ಬಿಟ್ಟೋರಲ್ಲಿ ಇನ್ನೂ ಜಾಸ್ತಿ ಜನಕ್ಕೆ ಬರುತ್ತೆ. ತಪ್ಪಿಸದೇ ಇದ್ದಿದ್ರೂ ಅವರಿಗೆ ಬರ್ತಿತ್ತಾ ಅಂತ ನನಗೂ ಗೊತ್ತಿಲ್ಲ. ನಿದ್ದೆ ಬರುತ್ತಾ, ಮನಸ್ಸು ಹೇಗಿದೆ ಅಂತ ಮೊದಲ ದಿನವೇ ನಾವು ಕೇಳಬೇಕಿತ್ತು. ಈಗ ಎಲ್ಲರನ್ನೂ ಕೇಳ್ತೀವಿ."

ಇಷ್ಟೇ ಉತ್ತರ. ಹೌದು ಎಂದಿದ್ದರೆ ನನ್ನ ತಪ್ಪನ್ನು ಹೊತ್ತುಕೊಳ್ಳುತ್ತಿದ್ದೆ. ಇಲ್ಲ ಎಂದಿದ್ದರೆ ಇಳಿಸುತ್ತಿದ್ದೆ. ಎರಡೂ ಆಗಲಿಲ್ಲ. ಕತ್ತಿನ ಕೆಂಪು ಇಳಿದದ್ದನ್ನು ಕಂಡು ಸಂತೋಷಪಟ್ಟೆ ಎಂದು ನೀವು ಬರೆದಿದ್ದಿರಿ. ನಿಮ್ಮದೂ ಹೀಗೇ ಉಳಿಯುತ್ತದೆ ಎಂದು ಕಾಣುತ್ತದೆ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಕೆಲಸ ಜೋರು, ಊಟ ಆಗುತ್ತದೆ, ಹೊತ್ತು ಹೋಗುತ್ತದೆ. ನಿಮ್ಮ ಅಂಗಡಿಯ ಪಕ್ಕದ ಹೋಟೆಲಿನವರಿಗೆ ಫೋನು ಮಾಡಿದೆ, ನಂಬರು ನನ್ನಲ್ಲಿತ್ತು. ನಾನು ಹೊರಟ ದಿನದಿಂದ ನೀವು ಅಂಗಡಿಯ ಬಾಗಿಲು ತೆಗೆದಿಲ್ಲವಂತೆ.

ಶುಕ್ರವಾರ ಬರುತ್ತೇನೆ. ಬರಲೇ ಎಂದು ಕೇಳುತ್ತಿಲ್ಲ. ಸಂಜೆ ಐದಕ್ಕೆ ಮನೆಯಲ್ಲಿರಿ. ಶನಿವಾರ ಬೆಳಿಗ್ಗೆ ಅವಳು ತೋರಿಸಿಕೊಳ್ಳುತ್ತಿದ್ದ ಆ ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣ. ಅಲ್ಲಿ ನೀವೇನೂ ಹೇಳದಿದ್ದರೂ ನಡೆಯುತ್ತದೆ. ನಾನು ಹೊರಗೆ ಬೆಂಚಿನಲ್ಲಿ ಕೂತಿರುತ್ತೇನೆ.

ಅಕ್ಕ